ಬೆಳಕು ನೋಡಿ ಲೆನ್ಸ್ ಆರಿಸಿ

ಒಹಾಯೊದಲ್ಲಿ ಶರತ್ಕಾಲದ ಶನಿವಾರವೆಂದರೆ ಕಾಲೇಜು ಫುಟ್‌ಬಾಲ್. ಕೊಲಂಬಸ್‌ನಲ್ಲಿ 1922ರಲ್ಲಿ ತೆರೆದ ಒಹಾಯೊ ಸ್ಟೇಡಿಯಂ ಲಕ್ಷಕ್ಕೂ ಮೀರಿದ ಜನರನ್ನು ಹಿಡಿಸುತ್ತದೆ. ಅಲ್ಲಿ ಸೈಡ್‌ಲೈನ್‌ನಲ್ಲಿ ನಿಲ್ಲುವ ಅವಕಾಶ ಪತ್ರಿಕೆಯವರಿಗೆ ಮತ್ತು ವಿಶ್ವವಿದ್ಯಾಲಯದ ಛಾಯಾಗ್ರಾಹಕರಿಗೆ ಮಾತ್ರ. ನನ್ನಂಥ ಹವ್ಯಾಸಿಗೆ ಆಟದ ಚಿತ್ರ ತೆಗೆಯುವ ವಿದ್ಯೆ ಕಲಿಸಿದ್ದು ಡಿವಿಷನ್ ತ್ರೀ ಕಾಲೇಜುಗಳ ಪುಟ್ಟ ಮೈದಾನಗಳು. ಇಲ್ಲಿ ಆಟದ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಹಾಗೆಂದು ಆಟ ಸಪ್ಪೆಯೇನಲ್ಲ: ಈ ದರ್ಜೆಯಲ್ಲಿ 13 ಸಲ ರಾಷ್ಟ್ರೀಯ ಚಾಂಪಿಯನ್ ಆದ ಮೌಂಟ್ ಯೂನಿಯನ್ ಇದೇ ರಾಜ್ಯದ ಅಲಯನ್ಸ್ ಊರಿನದು. ಕಾಲೇಜಿನ ಕ್ರೀಡಾ ಮಾಹಿತಿ ಕಚೇರಿಗೆ ಮೊದಲೇ ಬರೆದು, ತೆಗೆದ ಚಿತ್ರಗಳನ್ನು ಅವರಿಗೂ ಕೊಡುತ್ತೇನೆಂದು ಹೇಳಿದ್ದರಿಂದ ನನಗೆ ಅನುಮತಿ ಸಿಕ್ಕಿತು.

ಇಲ್ಲಿಯ ಕನ್ನಡ ಬಳಗದಲ್ಲಿ ಮಕ್ಕಳು ಕಾಲೇಜಿನ ಮಾರ್ಚಿಂಗ್ ಬ್ಯಾಂಡ್‌ನಲ್ಲೋ ತಂಡದಲ್ಲೋ ಇರುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಯಾವ ಕ್ಯಾಮೆರಾ ತಗೊಳ್ಳಲಿ?" ನಾನು ತಿರುಗಿ ಕೇಳುವುದು ಎರಡು: ಎಲ್ಲಿ ನಿಲ್ಲುತ್ತೀರಿ, ಎಷ್ಟು ಹೊತ್ತಿಗೆ ಆಟ?

ಓಡುವ ಆಟಗಾರ ಅಲುಗದೆ ಮೂಡಬೇಕಾದರೆ ಶಟರ್ ವೇಗ 1/1000 ಸೆಕೆಂಡಿಗಿಂತ ಕೆಳಗಿಳಿಯಬಾರದು. ಹಕ್ಕಿ ಚಿತ್ರಕ್ಕೆಂದು ಹಲವರ ಬಳಿ ಇರುವ 150-600 ಮಿ.ಮೀ. ಜೂಮ್ ಮಧ್ಯಾಹ್ನದ ಬಿಸಿಲಿನಲ್ಲಿ ಸೊಗಸಾಗಿ ಕೆಲಸ ಮಾಡುತ್ತದೆ. ಆದರೆ ಅದರ ತುತ್ತತುದಿಯಲ್ಲಿ ಅಪರ್ಚರ್ ಎಫ್/6.3. ಎಫ್/2.8 ಲೆನ್ಸ್ ಒಳಬಿಡುವ ಬೆಳಕಿನಲ್ಲಿ ಅದಕ್ಕೆ ದಕ್ಕುವುದು ಐದನೇ ಒಂದು ಪಾಲು ಮಾತ್ರ. ನವೆಂಬರ್‌ನ ಮೋಡದಲ್ಲಿ, ದೀಪದಡಿಯ ರಾತ್ರಿ ಪಂದ್ಯದಲ್ಲಿ ಈ ಅಂತರವೇ ಚಿತ್ರದ ಹಣೆಬರಹ ಬರೆಯುತ್ತದೆ.

ಹಾಗಾಗಿ ನನ್ನ ಮುಖ್ಯ ಲೆನ್ಸ್ 70-200 ಮಿ.ಮೀ. ಎಫ್/2.8. ಕ್ರಾಪ್ ಸೆನ್ಸರಿನ ಕ್ಯಾಮೆರಾಕ್ಕೆ ಹಾಕಿದರೆ ಇದರ ನೋಟ 300 ಮಿ.ಮೀ.ನಷ್ಟು ಹತ್ತಿರವಾಗುತ್ತದೆ. ಮೈದಾನದ ಅಗಲ 53 ಗಜಕ್ಕೆ ತುಸು ಹೆಚ್ಚು. ಆಚೆ ಬದಿಯ ಆಟ ಇದಕ್ಕೆ ಎಟುಕದು, ಈಚೆ ಬದಿಯದು ಧಾರಾಳವಾಗಿ ಎಟುಕುತ್ತದೆ. ವೃತ್ತಿಪರರ 400 ಮಿ.ಮೀ. ಎಫ್/2.8 ಲೆನ್ಸಿನ ಹೊಸ ಮಾದರಿಗಳೂ ಮೂರು ಕಿಲೋದ ಆಸುಪಾಸು ತೂಗುತ್ತವೆ, ಬೆಲೆ ಹತ್ತು ಸಾವಿರ ಡಾಲರ್ ದಾಟುತ್ತದೆ. ಮುಖ್ಯ ಪಂದ್ಯವಿದ್ದಾಗ ಅದನ್ನು ವಾರಾಂತ್ಯಕ್ಕೆ ಬಾಡಿಗೆ ತಂದು ಮೊನೊಪಾಡ್ ಮೇಲೆ ನಿಲ್ಲಿಸಿಕೊಳ್ಳುತ್ತೇನೆ. 1.4 ಪಟ್ಟಿನ ಟೆಲಿಕನ್ವರ್ಟರ್ ಅಗ್ಗದ ದಾರಿ. ಆದರೆ ಅದು ಒಂದು ಸ್ಟಾಪ್ ಬೆಳಕು ನುಂಗುತ್ತದೆ, ಹಗಲಿಗಷ್ಟೇ ಸರಿ.

ರಾತ್ರಿ ಐಎಸ್ಒ 6400 ಅಥವಾ ಅದಕ್ಕೂ ಮೇಲೆ ಏರಿಸಲು ಹಿಂಜರಿಯಬೇಡಿ. ಕಾಳುಕಾಳಾದ ಚಿತ್ರವನ್ನು ಕಂಪ್ಯೂಟರಿನಲ್ಲಿ ನಯಗೊಳಿಸಬಹುದು, ಅಲುಗಿದ ಚಿತ್ರಕ್ಕೆ ಮದ್ದಿಲ್ಲ. ಅಮೆರಿಕದ ವಿದ್ಯುತ್ 60 ಹರ್ಟ್ಸ್‌ನದು, ಹಳೆಯ ಮೈದಾನದೀಪಗಳು ಸೆಕೆಂಡಿಗೆ 120 ಸಲ ಮಿನುಗುತ್ತವೆ. ಒಂದು ಚಿತ್ರ ಬೆಳ್ಳಗೆ, ಮರುಚಿತ್ರ ಮಂಕಾಗಿ ಬರುವುದು ಇದರಿಂದಲೇ. ಕ್ಯಾಮೆರಾದಲ್ಲಿ ಆಂಟಿ-ಫ್ಲಿಕರ್ ಸೌಲಭ್ಯ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿ.

ಇನ್ನು ನಿಲ್ಲುವ ಜಾಗ. ಸೈಡ್‌ಲೈನ್‌ನ ನಡುಭಾಗ ಆಟಗಾರರ ಬೆಂಚಿಗೆ ಮೀಸಲು, ಅಲ್ಲಿ ನಮಗೆ ಪ್ರವೇಶವಿಲ್ಲ. ಚೆಂಡಿರುವ ಗೆರೆಗಿಂತ ಹತ್ತು ಹದಿನೈದು ಗಜ ಮುಂದೆ, ದಾಳಿ ಬರುವ ದಿಕ್ಕಿಗೆ ಎದುರಾಗಿ ನಾನು ಮಂಡಿಯೂರುತ್ತೇನೆ. ಹೆಲ್ಮೆಟ್‌ನ ನೆರಳು ಆಟಗಾರರ ಕಣ್ಣನ್ನು ಮುಚ್ಚಿಬಿಡುತ್ತದೆ. ತಗ್ಗಿನಿಂದ ನೋಡಿದಾಗ, ಬಿಸಿಲು ನನ್ನ ಬೆನ್ನಿಗಿದ್ದಾಗ, ಮುಖ ಕಾಣುತ್ತದೆ. ಮಂಡಿಗೆ ಕಟ್ಟುವ ಪ್ಯಾಡ್ ಲೆನ್ಸಿನಷ್ಟೇ ಅಗತ್ಯ. ಆಟ ನೇರ ನಿಮ್ಮತ್ತ ನುಗ್ಗಿದರೆ ಚಿತ್ರದ ಆಸೆ ಬಿಟ್ಟು ಸರಿಯಿರಿ. ಭಾರಿ ಮೈಕಟ್ಟಿನ ಆಟಗಾರ ಗೆರೆ ದಾಟಿದ ಮೇಲೂ ಕೂಡಲೇ ನಿಲ್ಲಲಾರ.

ಆಟ ತಿಳಿದಷ್ಟೂ ಚಿತ್ರ ಒಲಿಯುತ್ತದೆ. ಹತ್ತು ಗಜ ಸಾಗಲು ತಂಡಕ್ಕೆ ನಾಲ್ಕು ಅವಕಾಶ. ಮೂರನೆಯದರಲ್ಲಿ ಎಂಟು ಗಜ ಬಾಕಿಯಿದ್ದರೆ ಚೆಂಡನ್ನು ಎಸೆಯುವುದೇ ಹೆಚ್ಚು, ಆಗ ಕ್ವಾರ್ಟರ್‌ಬ್ಯಾಕ್ ಮೇಲೆ ಫೋಕಸ್ ಇಡುತ್ತೇನೆ. ಒಂದೇ ಗಜ ಬಾಕಿಯಿದ್ದರೆ ನಡುವಿನಿಂದ ನುಗ್ಗುವ ಓಟಗಾರನಿಗಾಗಿ ಕಾಯುತ್ತೇನೆ. ಸೀಟಿ ಊದಿದ ಮೇಲೂ ಕ್ಯಾಮೆರಾ ಇಳಿಸುವುದಿಲ್ಲ. ಗೆದ್ದವನ ಕೂಗು, ಬಿದ್ದವನಿಗೆ ಚಾಚಿದ ಕೈ, ಎಲ್ಲ ಆಮೇಲೆಯೇ ಬರುವುದು. ಪ್ರತಿ ಸ್ಕೋರಿನ ಬಳಿಕ ಸ್ಕೋರ್‌ಬೋರ್ಡಿನ ಒಂದು ಚಿತ್ರ ತೆಗೆದಿಟ್ಟರೆ ಶೀರ್ಷಿಕೆ ಬರೆಯುವಾಗ ಯಾವುದು ಯಾವಾಗ ಆಯಿತೆಂದು ತಡಕಾಡಬೇಕಿಲ್ಲ.

ಹಣ ಕೂಡಿಸುವವರಿಗೆ ನಾನು ಹೇಳುವ ಕ್ರಮ ಇದು: ಮೊದಲು ಎಫ್/2.8 ಲೆನ್ಸ್, ಸೆಕೆಂಡ್‌ಹ್ಯಾಂಡ್ ಆದರೂ ಸರಿ. ಆಮೇಲೆ ಮೊನೊಪಾಡ್, ಮಳೆಗವಸು. ಹೊಸ ಕ್ಯಾಮೆರಾ ಕಡೆಗೆ. ಒಳ್ಳೆಯ ಲೆನ್ಸ್ ಮುಂದೆ ಬರುವ ಎರಡು ಮೂರು ಕ್ಯಾಮೆರಾಗಳಿಗೂ ಒದಗುತ್ತದೆ. ಅದಕ್ಕೂ ಮುಂಚೆ ಹತ್ತಿರದ ಸಣ್ಣ ಕಾಲೇಜಿಗೆ ಬರೆದು ಅನುಮತಿ ಕೇಳಿ. ಗೆರೆಯ ಅಂಚಿನಲ್ಲಿ ನಿಂತವರ 70-200, ಗ್ಯಾಲರಿಯ ಮೇಲ್ಸಾಲಿನ 600ಕ್ಕಿಂತ ಹೆಚ್ಚು ಕಾಣಿಸುತ್ತದೆ.