ಬಿಡಿಭಾಗಗಳಿಂದ ಗಣಕಯಂತ್ರ: ಕಟ್ಟುವ ಬಗೆ, ಬೆಳೆಸುವ ಬಗೆ

ಹಂಪಿಯ ವಿಜಯವಿಠ್ಠಲ ದೇವಾಲಯದ ಪ್ರಾಂಗಣದಲ್ಲಿರುವ ಕಲ್ಲಿನ ರಥವನ್ನು ನೋಡಿದವರಲ್ಲಿ ಬಹುಮಂದಿ ಅದನ್ನು ಏಕಶಿಲೆಯೆಂದೇ ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಅನೇಕ ಕಲ್ಲುಗಳನ್ನು ಕೂಡಿಸಿ ಕಟ್ಟಿದ ರಚನೆ. ಸಂದುಗಳು ಕೆತ್ತನೆಯ ಪಟ್ಟಿಕೆಗಳಲ್ಲಿ ಅಡಗಿರುವುದರಿಂದ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಮುಂದೆ ನಿಂತಿರುವ ಆನೆಗಳೂ ಮೂಲದವಲ್ಲ; ಅವುಗಳ ಹಿಂದೆ ಕುದುರೆಗಳ ಹಿಂಗಾಲು ಮತ್ತು ಬಾಲಗಳ ಕುರುಹು ಇಂದಿಗೂ ಕಾಣುತ್ತದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವರು ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿದೆ, ಅದು ಈಗಿಲ್ಲ. ಕಾಲಕಾಲಕ್ಕೆ ಒಂದು ಭಾಗ ಹೋಗಿದೆ, ಇನ್ನೊಂದು ಬಂದಿದೆ. ರಥ ಮಾತ್ರ ರಥವಾಗಿಯೇ ಉಳಿದಿದೆ.

ಮೇಜಿನ ಮೇಲಿನ ಗಣಕಯಂತ್ರದ ವಿಷಯದಲ್ಲಿಯೂ ಇದೇ ಬಗೆಯ ಭ್ರಮೆ ಉಂಟು. ಮುಚ್ಚಿದ ಪೆಟ್ಟಿಗೆಯೊಂದನ್ನು ಕಂಡು ಅದು ಒಂದೇ ವಸ್ತುವೆಂದೂ, ಕೆಟ್ಟರೆ ಇಡಿಯಾಗಿ ಕೆಟ್ಟಿತೆಂದೂ ತಿಳಿಯುವವರು ವಿದ್ಯಾವಂತರಲ್ಲಿಯೂ ಹಲವರಿದ್ದಾರೆ. ಶಾಲೆಗಳ ಉಗ್ರಾಣಗಳಲ್ಲಿ ಧೂಳು ಹಿಡಿದು ಕುಳಿತಿರುವ ಯಂತ್ರಗಳ ಪೈಕಿ ಎಷ್ಟೋ ಯಂತ್ರಗಳಲ್ಲಿ ಕೆಟ್ಟಿರುವುದು ಒಂದೇ ಒಂದು ಭಾಗ. ಇತ್ತ ಮನೆಗಳಲ್ಲಿ ಹತ್ತನೆಯ ತರಗತಿಯ ಹುಡುಗ ಆಟವಾಡುವ ಕಂಪ್ಯೂಟರ್ ಬೇಕೆಂದು ಹಟ ಹಿಡಿದರೆ, ತಂದೆಯಾದವನು ಒಂದೋ ಅಂಗಡಿಯವನು ಹೇಳಿದ ಬೆಲೆಯನ್ನು ತೆರುತ್ತಾನೆ, ಇಲ್ಲವೇ ಆ ಮಾತನ್ನೇ ಎತ್ತಕೂಡದೆಂದು ಗದರಿಸುತ್ತಾನೆ. ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ: ಆ ಯಂತ್ರವನ್ನು ಹುಡುಗನೇ ಬಿಡಿಭಾಗಗಳಿಂದ ಕಟ್ಟುವುದು.

ಇದು ಸಾಧ್ಯವಾದುದಕ್ಕೆ ಚಾರಿತ್ರಿಕ ಕಾರಣವಿದೆ. 1981ರ ಆಗಸ್ಟ್ 12ರಂದು ಅಮೆರಿಕದ ಐಬಿಎಂ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ, ಬೇರೆಯವರು ತಯಾರಿಸಿದ ಬಿಡಿಭಾಗಗಳನ್ನೇ ಬಹುವಾಗಿ ಬಳಸಿ, ಒಳಗಿನ ರಚನೆಯ ವಿವರಗಳನ್ನೂ ಪುಸ್ತಕರೂಪದಲ್ಲಿ ಪ್ರಕಟಿಸಿತು. ಹೊಸ ಕಾರ್ಡುಗಳನ್ನು ಸಿಕ್ಕಿಸಲು ಖಾಲಿ ಸ್ಲಾಟುಗಳನ್ನೂ ಬಿಟ್ಟಿತು. ಅನ್ಯರು ಅದೇ ಮಾದರಿಯನ್ನು ಅನುಸರಿಸಿದರು. 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಎಂಬ ಅಳತೆಯ ಕಟ್ಟಳೆಯನ್ನು ರೂಪಿಸಿದ ಮೇಲೆ ತಿರುಪಿನ ತೂತುಗಳು ಎಲ್ಲಿರಬೇಕೆಂಬುದೂ ನಿಶ್ಚಿತವಾಯಿತು. ಆದಕಾರಣವೇ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಅಂಗಡಿಯಲ್ಲಿ ಕೊಂಡ ಕ್ಯಾಬಿನೆಟ್ಟಿಗೆ ಇನ್ನೊಂದು ಅಂಗಡಿಯ ಮದರ್‌ಬೋರ್ಡ್ ಸರಿಯಾಗಿ ಕೂರುತ್ತದೆ. ಹೊಸಪೇಟೆಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ, ಬೆಳಗಿನಿಂದ ಸಂಜೆಯವರೆಗೆ ಆ ರಸ್ತೆಯನ್ನು ಸುತ್ತಿ, ಮರುರಾತ್ರಿ ಡಬ್ಬಗಳನ್ನು ಮಡಿಲಲ್ಲಿಟ್ಟುಕೊಂಡು ಹಿಂದಿರುಗುವುದು ಈ ಹವ್ಯಾಸದವರಿಗೆ ಒಂದು ಬಗೆಯ ಯಾತ್ರೆಯೇ ಸರಿ.

ಭಾಗಗಳು ಏಳೆಂಟಕ್ಕಿಂತ ಹೆಚ್ಚಿಲ್ಲ. ಲೆಕ್ಕ ಮಾಡುವ ಪ್ರೊಸೆಸರ್. ಎಲ್ಲವನ್ನೂ ಹೊತ್ತು ಕೂಡಿಸುವ ಮದರ್‌ಬೋರ್ಡ್. ಕೆಲಸ ನಡೆಯುತ್ತಿರುವಾಗ ಬೇಕಾದುದನ್ನು ಕೈಗೆಟುಕುವಂತಿಡುವ ಮೆಮೊರಿ. ವಿದ್ಯುತ್ ಹೋದರೂ ನೆನಪಿಡುವ ಎಸ್‌ಎಸ್‌ಡಿ. ಚಿತ್ರವನ್ನು ಬಿಡಿಸುವ ಗ್ರಾಫಿಕ್ಸ್ ಕಾರ್ಡ್. ಮನೆಯ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಕೊಡುವ ಎಸ್‌ಎಂಪಿಎಸ್. ಫ್ಯಾನುಗಳು ಮತ್ತು ಕ್ಯಾಬಿನೆಟ್. ಕಚೇರಿಯ ಯಂತ್ರಕ್ಕೂ ಆಟದ ಯಂತ್ರಕ್ಕೂ ಇರುವ ಮುಖ್ಯ ವ್ಯತ್ಯಾಸ ಗ್ರಾಫಿಕ್ಸ್ ಕಾರ್ಡಿನದು. ಸಾಧಾರಣ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಒಟ್ಟು 20,73,600 ಬಿಂದುಗಳಿರುತ್ತವೆ. ಆಟ ಸರಾಗವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರಗಳು ಬೇಕು. ಅಂದರೆ ಸೆಕೆಂಡಿಗೆ ಹನ್ನೆರಡು ಕೋಟಿಗೂ ಮಿಕ್ಕಿದ ಬಿಂದುಗಳ ಬಣ್ಣವನ್ನು ನಿರ್ಣಯಿಸಬೇಕು. ಒಂದೊಂದು ಬಿಂದುವಿನ ಲೆಕ್ಕವೂ ಸರಳ, ಆದರೆ ಸಂಖ್ಯೆ ಅಪಾರ. ಇದಕ್ಕೆ ಒಬ್ಬ ಮಹಾಪಂಡಿತನಿಗಿಂತ ಸಾವಿರ ಮಂದಿ ಗುಮಾಸ್ತರು ಏಕಕಾಲಕ್ಕೆ ಕುಳಿತರೆ ಕೆಲಸ ಬೇಗ ಆಗುತ್ತದೆ. ಗ್ರಾಫಿಕ್ಸ್ ಕಾರ್ಡಿನೊಳಗೆ ಇರುವುದು ಅಂತಹ ಸಾವಿರಾರು ಚಿಕ್ಕ ಗಣಕಗಳ ಪಡೆ. ಗಣಿತದ ಉಪಾಧ್ಯಾಯರು ಗುಣಾಕಾರದ ಪ್ರಯೋಜನವನ್ನು ಹೇಳುವಾಗ ಈ ಉದಾಹರಣೆಯನ್ನು ಕೊಟ್ಟರೆ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತುವುದರಲ್ಲಿ ಸಂದೇಹವಿಲ್ಲ.

ಭಾಗಗಳನ್ನು ಆರಿಸುವಾಗ ಹೊಂದಾಣಿಕೆಯೇ ಪ್ರಧಾನ. ಕಂಪ್ಲಿಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿಜಯನಗರದ ಕಾಲದ ಕಾಲುವೆಗಳಿಂದ ಇಂದಿಗೂ ಗದ್ದೆಗಳಿಗೆ ನೀರುಣಿಸುವ ಆ ಸೀಮೆಯಲ್ಲಿ, ಕಾಲುವೆಯ ತಲೆಯಲ್ಲಿ ಎಷ್ಟೇ ನೀರಿದ್ದರೂ ನಡುವೆ ಒಂದು ತೂಬು ಕಿರಿದಾದರೆ ಕೊನೆಯ ಹೊಲಕ್ಕೆ ದಕ್ಕುವುದು ಆ ತೂಬಿನಷ್ಟೇ ನೀರೆಂಬುದು ಮಕ್ಕಳಿಗೂ ಗೊತ್ತು. ದುಬಾರಿ ಗ್ರಾಫಿಕ್ಸ್ ಕಾರ್ಡ್ ಕೊಂಡು ಹಳೆಯ ಪ್ರೊಸೆಸರಿಗೆ ಕಟ್ಟಿದರೆ, ಚಿತ್ರ ಬಿಡಿಸುವ ಪಡೆ ಆಜ್ಞೆಗಾಗಿ ಕಾಯುತ್ತ ಕೂರುತ್ತದೆ. ಮೆಮೊರಿ ಸಾಲದಿದ್ದರೆ ಎರಡೂ ಕಾಯುತ್ತವೆ. ಒಂದೇ 16 ಜಿಬಿ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳನ್ನು ಸರಿಯಾದ ಜೋಡಿ ಸ್ಲಾಟುಗಳಲ್ಲಿ ಹಾಕುವುದು ಒಳಿತು. ಆಗ ಕಾಲುವೆ ಒಂದರ ಬದಲು ಎರಡಾಗುತ್ತದೆ. ಡಿಡಿಆರ್ 4 ಪಟ್ಟಿ ಡಿಡಿಆರ್ 5ರ ಸ್ಲಾಟಿನಲ್ಲಿ ಕೂರುವುದಿಲ್ಲ, ಸೀಳಿನ ಸ್ಥಾನವೇ ಬೇರೆ. ಬಲವಂತ ಮಾಡಿದವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ಹೊರನಾಡಿನ ಪುಸ್ತಕಗಳೂ ಬೆಂಗಳೂರಿನ ಅಂಗಡಿಯವರೂ ಹೇಳದೆ ಬಿಡುವ ಸಂಗತಿಗಳು ಮೂರು: ಈ ಸೀಮೆಯ ಬಿಸಿಲು, ಧೂಳು ಮತ್ತು ವಿದ್ಯುತ್ತು.

ಏಪ್ರಿಲ್-ಮೇ ತಿಂಗಳುಗಳಲ್ಲಿ ಹೊಸಪೇಟೆಯ ಬಿಸಿಲು 40 ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಫ್ಯಾನು ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಗಾಳಿಗೂ ಪ್ರೊಸೆಸರಿಗೂ ಇರುವ ಅಂತರವನ್ನು ಕಡಿಮೆ ಮಾಡುವುದಷ್ಟೇ ಅದರ ಕೆಲಸ. 25 ಡಿಗ್ರಿಯ ಕೋಣೆಯಲ್ಲಿ 70 ಡಿಗ್ರಿಗೆ ಏರುವ ಪ್ರೊಸೆಸರು 41 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ ಸುಮಾರು 86ಕ್ಕೆ ಏರುತ್ತದೆ. 95 ರಿಂದ 100ರ ಆಸುಪಾಸಿನಲ್ಲಿ ಇಂದಿನ ಪ್ರೊಸೆಸರುಗಳು ತಮ್ಮನ್ನು ಕಾಪಾಡಿಕೊಳ್ಳಲು ತಾವೇ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಚಳಿಗಾಲದಲ್ಲಿ ಚೆನ್ನಾಗಿ ನಡೆದ ಆಟ ಬೇಸಗೆಯಲ್ಲಿ ಕುಂಟಿದರೆ ಯಂತ್ರ ಹಳತಾಯಿತೆಂದು ತಿಳಿಯಬೇಕಾಗಿಲ್ಲ. ಮುಂಭಾಗದಿಂದ ಗಾಳಿ ಒಳಬಂದು ಹಿಂಭಾಗದಿಂದ ಹೊರಹೋಗುವಂತೆ ಫ್ಯಾನುಗಳನ್ನು ಕೂರಿಸಿ, ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ದೂರವಿಟ್ಟರೆ ಅರ್ಧ ತೊಂದರೆ ಪರಿಹಾರವಾಗುತ್ತದೆ. ಮುಂದೆ ಜಾಲರಿಯ ಬದಲು ಗಾಜು ಇರುವ, ಬಣ್ಣದ ದೀಪಗಳ ಕ್ಯಾಬಿನೆಟ್ಟು ನೋಟಕ್ಕೆ ಅಂದ. ಈ ಸೀಮೆಗೆ ಒಗ್ಗುವಂತಹುದಲ್ಲ.

ಧೂಳಿನ ಮಾತು ಬಂದಾಗ ಸಂಡೂರನ್ನು ನೆನೆಯದಿರಲಾಗದು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವವರೆಗಿನ ವರ್ಷಗಳಲ್ಲಿ ಅದಿರಿನ ಲಾರಿಗಳ ಸಾಲಿನಿಂದ ಏಳುತ್ತಿದ್ದ ಕೆಂಧೂಳು ಗಿಡದ ಎಲೆ, ಮನೆಯ ಗೋಡೆ, ಒಣಹಾಕಿದ ಬಟ್ಟೆ ಯಾವುದನ್ನೂ ಬಿಟ್ಟಿರಲಿಲ್ಲ. ಗಣಿಗಾರಿಕೆ ಮಿತಿಗಳಿಗೊಳಪಟ್ಟು ಮತ್ತೆ ಆರಂಭವಾಗಿದೆ. ಧೂಳು ಪೂರ್ಣವಾಗಿ ಹೋಗಿಲ್ಲ. ಈ ನುಣುಪು ಧೂಳು ಹೀಟ್‌ಸಿಂಕಿನ ತೆಳು ಹಾಳೆಗಳ ನಡುವೆ ಸೇರಿಕೊಂಡರೆ ಗಾಳಿಯ ಹಾದಿ ಮುಚ್ಚಿಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಯಂತ್ರವನ್ನು ಬಿಚ್ಚಿ, ಫ್ಯಾನಿನ ಎಸಳು ತಿರುಗದಂತೆ ಬೆರಳಲ್ಲಿ ಹಿಡಿದು, ಒಣ ಬ್ರಷ್ಷಿನಿಂದಲೂ ಬ್ಲೋಯರಿನಿಂದಲೂ ಚೊಕ್ಕಟ ಮಾಡತಕ್ಕದ್ದು. ಟೈರಿಗೆ ಗಾಳಿ ತುಂಬುವ ಅಂಗಡಿಯ ಕಂಪ್ರೆಸರು ಸುಲಭವಾಗಿ ಸಿಗುವುದಾದರೂ ಅದರ ಗಾಳಿಯಲ್ಲಿ ನೀರಿನ ಹನಿಯೂ ಎಣ್ಣೆಯ ಪಸೆಯೂ ಇರುವುದರಿಂದ ಅದನ್ನು ಬಳಸಕೂಡದು.

ವಿದ್ಯುತ್ತಿನದು ಇನ್ನೂ ಗಹನವಾದ ವಿಷಯ. ಪಂಪ್‌ಸೆಟ್ಟುಗಳು ಒಮ್ಮೆಲೇ ಚಾಲೂ ಆದಾಗ ದೀಪ ಮಂಕಾಗುವುದನ್ನು ಹಳ್ಳಿಯವರೆಲ್ಲರೂ ಕಂಡಿದ್ದಾರೆ. ಆ ಏರಿಳಿತವನ್ನು ಮೊದಲು ಎದುರಿಸುವುದು ಎಸ್‌ಎಂಪಿಎಸ್. ಹುಡುಗರು ಹಣವನ್ನೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಹೆಸರಿಲ್ಲದ ಎಸ್‌ಎಂಪಿಎಸ್ ತರುವುದು ಸರ್ವೇಸಾಮಾನ್ಯ. ಇದು ಒಲೆಯನ್ನು ನೋಡದೆ ದಾಸೋಹದ ಕೊಪ್ಪರಿಗೆಯನ್ನು ಏರಿಸಿದಂತೆ. ಅಗ್ಗದ ಎಸ್‌ಎಂಪಿಎಸ್ ಸುಡುವಾಗ ಒಂಟಿಯಾಗಿ ಸುಡುವುದಿಲ್ಲ. ಒಮ್ಮೊಮ್ಮೆ ಮದರ್‌ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಒಯ್ಯುತ್ತದೆ. 2023ರಲ್ಲಿ ಬಂದ ಆರ್‌ಟಿಎಕ್ಸ್ 4060 ಕಾರ್ಡಿನ ನಿಗದಿತ ಬಳಕೆ 115 ವ್ಯಾಟ್. ಅದರ ಹಿಂದಿನ ವರ್ಷ ಬಂದ 4090ರದು 450 ವ್ಯಾಟ್. ಮೊದಲನೆಯದಕ್ಕೆ 550 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್ ಸಾಕು. ಮಾರುಕಟ್ಟೆಯ ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್ ಮಾತ್ರ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕ್ಯಾಬಿನೆಟ್ಟನ್ನು ಮುಟ್ಟಿದಾಗ ಕೈ ಜುಮ್ಮೆಂದರೆ ಮನೆಯ ಪ್ಲಗ್ಗಿನ ಮೂರನೆಯ ತೂತಿಗೆ ಅರ್ಥಿಂಗ್ ಇಲ್ಲವೆಂದು ಶಂಕಿಸಿ ಎಲೆಕ್ಟ್ರಿಷಿಯನ್ನನನ್ನು ಕರೆಸುವುದು ಯಂತ್ರಕ್ಕಿಂತ ಮಿಗಿಲಾಗಿ ಮನುಷ್ಯರ ಕ್ಷೇಮಕ್ಕೆ ಅವಶ್ಯ. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ವಿದ್ಯಾರ್ಥಿಗಳು ಎಂದೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ.

ಜೋಡಣೆ ಒಂದು ಮಧ್ಯಾಹ್ನದ ಕೆಲಸ. ಒಂದು ಸ್ಕ್ರೂಡ್ರೈವರ್ ಸಾಕು. ಮೊದಲು ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ಪ್ರೊಸೆಸರಿನ ಮೂಲೆಯ ತ್ರಿಕೋನ ಗುರುತನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಇಟ್ಟರೆ ತನ್ನ ಭಾರದಿಂದಲೇ ಕೂರುತ್ತದೆ, ಒತ್ತಕೂಡದು. ಥರ್ಮಲ್ ಪೇಸ್ಟ್ ತೊಗರಿ ಕಾಳಿನಷ್ಟು ಸಾಕು. ಮೆಮೊರಿಗೆ ಮಾತ್ರ ಕಟ್ಟೆನ್ನುವವರೆಗೆ ಒತ್ತಡ ಬೇಕು. ಎಲ್ಲ ಮುಗಿದ ಮೇಲೆ ಮಾನಿಟರಿನ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸುವ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿ, ಕಾರ್ಡ್ ಕೆಲಸ ಮಾಡುತ್ತಿಲ್ಲವೆಂದು ಅಂಗಡಿಯವನಿಗೆ ಫೋನ್ ಮಾಡಿದವರ ಸಂಖ್ಯೆ ಸಣ್ಣದಲ್ಲ.

ಬೆಳೆಸುವುದು ಕಟ್ಟುವುದಕ್ಕಿಂತಲೂ ರಸವತ್ತಾದ ಅಧ್ಯಾಯ. ಯಂತ್ರ ನಿಧಾನವಾಯಿತೆಂದರೆ ಮೊದಲು ತೂಬು ಎಲ್ಲಿ ಕಿರಿದಾಗಿದೆ ಎಂಬುದನ್ನು ಪತ್ತೆ ಮಾಡಬೇಕು. ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕುವುದೇ ಮೊದಲ ಚಿಕಿತ್ಸೆ. ಅಲ್ಪ ವೆಚ್ಚದಲ್ಲಿ ಇಷ್ಟು ಬದಲಾವಣೆ ತರುವ ಭಾಗ ಬೇರೊಂದಿಲ್ಲ. ಆಮೇಲೆ ಮೆಮೊರಿ, ಆಮೇಲೆ ಕಾರ್ಡ್. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಹಳೆಯ ಪಟ್ಟಿಗಳನ್ನು ಜೋಪಾನವಾಗಿ ತೆಗೆದಿಟ್ಟವರು ಅಂದು ಜಾಣರೆನಿಸಿದರು. ಸಾಕೆಟ್ಟಿನ ಆಯ್ಕೆಯಲ್ಲಿಯೂ ದೂರದೃಷ್ಟಿ ಬೇಕು. ಎಎಂಡಿ ಸಂಸ್ಥೆಯ ಎಎಂ 4 ಸಾಕೆಟ್ಟಿಗೆ 2017ರಲ್ಲಿ ಮದರ್‌ಬೋರ್ಡ್ ಕೊಂಡವರಲ್ಲಿ ಅನೇಕರು 2022ರ ಪ್ರೊಸೆಸರನ್ನು ಅದೇ ಬೋರ್ಡಿನಲ್ಲಿ ಕೂರಿಸಿದರು. ಅದಕ್ಕೆ ಬಯಾಸ್ ಎಂಬ ಮೂಲ ತಂತ್ರಾಂಶವನ್ನು ಹೊಸದಾಗಿಸಬೇಕು. ಆ ಕೆಲವು ನಿಮಿಷಗಳಲ್ಲಿ ಕರೆಂಟ್ ಹೋದರೆ ಬೋರ್ಡೇ ನಿಷ್ಪ್ರಯೋಜಕವಾಗಬಹುದಾದ್ದರಿಂದ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಕೂಡದು.

ಆಟದ ಯಂತ್ರಕ್ಕೆ ಶಾಲೆಯ ಸಂಚಿಕೆಯಲ್ಲಿ ಇಷ್ಟು ಸ್ಥಳವೇಕೆಂದು ಹಿರಿಯ ಉಪಾಧ್ಯಾಯರು ಕೇಳಬಹುದು. ಕೇಳುವುದು ನ್ಯಾಯವೂ ಹೌದು. ಯಂತ್ರವನ್ನು ಕಟ್ಟಲು ಒಂದು ದಿನ ಸಾಕು, ಅದರ ಮುಂದೆ ಕುಳಿತು ಕಳೆಯುವ ದಿನಗಳಿಗೆ ಲೆಕ್ಕವಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಹಲವು ಮನೆಗಳನ್ನು ಹಾಳುಗೆಡವಿದುದರಿಂದಲೇ ಸಂಸತ್ತು 2025ರ ಆಗಸ್ಟ್‌ನಲ್ಲಿ ಅವುಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಅದೇ ಕಾಯಿದೆ ಇ-ಕ್ರೀಡೆಗಳನ್ನು ಬೇರೆಯಾಗಿ ಪರಿಗಣಿಸಿದೆ ಎಂಬುದನ್ನೂ ಗಮನಿಸಬೇಕು. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆ ಹೊರನಾಡಿನ ಆಟಗಳಿಗೆ ಚಿತ್ರಗಳನ್ನು ರೂಪಿಸಿಕೊಡುತ್ತ ಬೆಳೆದು, 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯೊಳಗೆ ಸೇರಿತು. ಆಟವನ್ನು ರೂಪಿಸುವುದೂ ಅನ್ನ ಕೊಡುವ ಕಾಯಕವೇ ಆಗಿರುವ ಕಾಲವಿದು.

ಇನ್ನೊಂದು ಸಂಗತಿ ಈ ಸೀಮೆಗೆ ನೇರವಾಗಿ ಸಂಬಂಧಿಸಿದ್ದು. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ನಡೆದ ಡಿಜಿಟಲ್ ಪರಂಪರೆಯ ಯೋಜನೆಯಲ್ಲಿ ಹಂಪಿಯ ಸ್ಮಾರಕಗಳನ್ನು ಗಣಕಯಂತ್ರದೊಳಗೆ ಮೂರು ಆಯಾಮಗಳಲ್ಲಿ ಪುನಃ ಕಟ್ಟುವ ಕೆಲಸ ಕೈಗೊಳ್ಳಲಾಯಿತು. ಆ ಸಂಶೋಧನೆಗಳು ‘ಡಿಜಿಟಲ್ ಹಂಪಿ’ ಎಂಬ ಇಂಗ್ಲಿಷ್ ಗ್ರಂಥವಾಗಿಯೂ ಪ್ರಕಟವಾಗಿವೆ. ಹುಬ್ಬಳ್ಳಿಯ ಕೆ.ಎಲ್.ಇ. ಸಂಸ್ಥೆಯ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜಿನವರೂ ಆ ಯೋಜನೆಯಲ್ಲಿ ಪಾಲ್ಗೊಂಡಿದ್ದರು. ನೂರಾರು ಛಾಯಾಚಿತ್ರಗಳಿಂದ ಒಂದು ಮಂಟಪದ ಆಕಾರವನ್ನು ಲೆಕ್ಕ ಹಾಕಿ ತೆಗೆಯುವ ಇಂತಹ ಕೆಲಸಕ್ಕೆ ಒದಗುವುದು ಆಟಕ್ಕೆಂದು ಬೆಳೆದು ಬಂದ ಅದೇ ಬಗೆಯ ಗ್ರಾಫಿಕ್ಸ್ ಕಾರ್ಡು. ಹುಡುಗನೊಬ್ಬ ಆಟಕ್ಕೆಂದು ಕಟ್ಟಿದ ಯಂತ್ರ ಕಲ್ಲಿನ ರಥದ ಮಾದರಿಯನ್ನು ತಿರುಗಿಸಿ ತೋರಿಸಲು ಬೇರೆ ಏನನ್ನೂ ಕೇಳುವುದಿಲ್ಲ.

ಶಾಲೆಗಳಿಗೆ ಯಂತ್ರಗಳನ್ನು ದಾನ ಮಾಡುವ ಮಹನೀಯರಿಗೂ ಈ ಲೆಕ್ಕ ಉಪಯೋಗಕ್ಕೆ ಬಂದೀತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು; ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಅಂತಹ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ಒಂದೊಂದು ಎಸ್‌ಎಸ್‌ಡಿ ಹಾಕಿ, ಉಚಿತವಾಗಿ ದೊರೆಯುವ ಲಿನಕ್ಸನ್ನು ಕೂರಿಸಿದರೆ ಕನ್ನಡ ಬೆರಳಚ್ಚು, ಗಣಿತ, ಪ್ರೋಗ್ರಾಮಿಂಗ್ ಪಾಠಗಳಿಗೆ ಇನ್ನೂ ಹಲವು ವರ್ಷ ಒದಗುತ್ತವೆ. ಹೊಸ ಯಂತ್ರಗಳನ್ನು ಕೊಡುವವರು ಹತ್ತರ ಪೈಕಿ ಎರಡನ್ನಾದರೂ ಬಿಡಿಭಾಗಗಳಾಗಿಯೇ ಕೊಟ್ಟರೆ ಜೋಡಿಸುವ ಕೆಲಸವನ್ನು ಒಂಬತ್ತನೆಯ ತರಗತಿಯವರು ಮಾಡಿಯಾರು. ಕೆಟ್ಟ ಹಾರ್ಡ್ ಡಿಸ್ಕುಗಳನ್ನೂ ಎಸೆಯಬೇಕಾಗಿಲ್ಲ. ಬಿಚ್ಚಿದರೆ ಒಳಗೆ ಕನ್ನಡಿಯಂತಹ ತಟ್ಟೆಗಳೂ, ಬೆರಳಿಗೆ ಅಂಟಿದರೆ ಬಿಡದ ಎರಡು ಬಲವಾದ ಅಯಸ್ಕಾಂತಗಳೂ ಸಿಗುತ್ತವೆ. ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಅವಕ್ಕೆ ಜಾಗವುಂಟು.