ಪಾಡು ಹಾಡಾಗುವ ಬಗೆ: ಕಷ್ಟದ ನೆನಪು ಮತ್ತು ಕಥನಕವನ

1908ನೆಯ ಇಸವಿ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ಹರಿದು ಹೈದರಾಬಾದ್ ನಗರದ ದೊಡ್ಡ ಭಾಗವನ್ನು ಕೊಚ್ಚಿಕೊಂಡು ಹೋಯಿತು. ಮಡಿದವರು ಸುಮಾರು 15,000 ಮಂದಿಯೆಂದು ಅಂದಾಜು. ಅಫ್ಜಲ್‌ಗಂಜಿನಲ್ಲಿ, ಈಗ ಉಸ್ಮಾನಿಯಾ ಆಸ್ಪತ್ರೆಯ ಆವರಣಕ್ಕೆ ಸೇರಿದ ಹುಣಿಸೆಯ ಮರವೊಂದನ್ನು ಏರಿ ಸುಮಾರು 150 ಜನ ಜೀವ ಉಳಿಸಿಕೊಂಡರೆಂಬುದು ಪ್ರಸಿದ್ಧ ಸಂಗತಿ. ಆ ಅನಾಹುತದ ಮರುವರ್ಷವೇ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ನಿಜಾಮ ಸರ್ಕಾರದ ಆಹ್ವಾನದ ಮೇರೆಗೆ ಇಲ್ಲಿಗೆ ಬಂದು ನೆರೆ ತಡೆಯುವ ಯೋಜನೆಯನ್ನು ಸಿದ್ಧಪಡಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಯೋಜನೆಯ ಫಲಗಳು. ಈ ಮಾತನ್ನು ಹೈದರಾಬಾದಿನ ಕನ್ನಡಿಗರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ; ಹೇಳಿಕೊಳ್ಳತಕ್ಕದ್ದೇ. ಆದರೆ ಅದೇ ಪ್ರವಾಹದಿಂದ ಹುಟ್ಟಿದ ಕವನವೊಂದರ ವಿಷಯ ಕನ್ನಡಿಗರಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಅಮ್ಜದ್ ಹೈದರಾಬಾದಿ ಎಂಬ ಉರ್ದು ಕವಿ ಆ ದಿನ ತನ್ನ ತಾಯಿಯನ್ನೂ ಮಡದಿಯನ್ನೂ ಮಗಳನ್ನೂ ನೀರಿಗೆ ಕಳೆದುಕೊಂಡರು. ಮನೆಯವರಲ್ಲಿ ಉಳಿದವರು ಅವರೊಬ್ಬರೇ. ಆ ಸಂಗತಿಯನ್ನೇ ಅವರು ಕವನವಾಗಿ ಬರೆದರು. ‘ಕಯಾಮತ್-ಎ-ಸುಗ್ರಾ’, ಅಂದರೆ ‘ಕಿರಿಯ ಪ್ರಳಯ’, ಎಂಬುದು ಅದರ ಹೆಸರು. ಹೆಸರಿನಲ್ಲಿರುವ ವಿಶೇಷಣವನ್ನು ಗಮನಿಸಬೇಕು. ಸರ್ವಸ್ವವನ್ನೂ ಕಳೆದುಕೊಂಡವನು ತನಗಾದುದನ್ನು ಮಹಾಪ್ರಳಯವೆನ್ನದೆ ಕಿರಿಯದೆಂದು ಕರೆದಾಗ ಅಲ್ಲಿ ಅಳತೆಯ ವಿವೇಕವೊಂದು ಕೆಲಸ ಮಾಡಿರುತ್ತದೆ. ಅಮ್ಜದ್ 1961ರವರೆಗೆ ಬದುಕಿದ್ದರು, ರುಬಾಯಿಗಳಿಗಾಗಿ ಖ್ಯಾತರಾದರು. ಪ್ರವಾಹವಾದ ಮೇಲೆ ಅರ್ಧ ಶತಮಾನಕ್ಕೂ ಮಿಕ್ಕಿದ ಬಾಳು ಅದು.

ಕಷ್ಟವನ್ನು ಕವಿತೆಯಾಗಿಸುವುದು ಕವಿಗಳಿಗೆ ಮಾತ್ರ ಸಲ್ಲುವ ಕೆಲಸವೆಂಬ ಭಾವನೆ ಉಂಟು. ಕನ್ನಡದ ಅನುಭವ ಇದಕ್ಕೆ ವಿರುದ್ಧವಾಗಿದೆ. ಬೀಸುವ ಕಲ್ಲಿನ ಮುಂದೆ ಕುಳಿತು ತವರಿನ ಹಂಬಲವನ್ನೂ ಅತ್ತೆಮನೆಯ ಕಾಟವನ್ನೂ ಸತ್ತ ಕೂಸಿನ ನೆನಪನ್ನೂ ತ್ರಿಪದಿಗಳಲ್ಲಿ ಹಾಡಿಕೊಂಡ ಹೆಣ್ಣುಮಕ್ಕಳು ಅಕ್ಷರ ಬಲ್ಲವರಾಗಿರಲಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ವಿದ್ವಾಂಸರು ಬೆರಗಾದುದು ಈ ಕಾರಣಕ್ಕೇ. ತ್ರಿಪದಿ ಹೊಸದೇನೂ ಅಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದು ಕಾಣಸಿಗುತ್ತದೆ. ಕಲ್ಲು ತಿರುಗುವ ಲಯಕ್ಕೆ ಮಾತು ಹೊಂದಿಕೊಂಡಿತು, ಮೂರು ಸಾಲಿನಲ್ಲಿ ಹೇಳಬೇಕಾದುದು ಮುಗಿಯಿತು, ಹಿಟ್ಟೂ ಆಯಿತು. ಗಿರಣಿಗಳು ಬಂದ ಮೇಲೆ ಬೀಸುವ ಶ್ರಮ ತಪ್ಪಿದ್ದು ಒಳ್ಳೆಯದೇ. ಆದರೆ ದುಃಖವನ್ನು ಹೇಳಿಕೊಳ್ಳಲು ಮನೆಯೊಳಗಿದ್ದ ನಿತ್ಯದ ಅವಕಾಶವೊಂದು ಅದರೊಡನೆಯೇ ತಪ್ಪಿಹೋಯಿತು. ಆ ಜಾಗದಲ್ಲಿ ಇನ್ನೇನೂ ಬಂದು ಕುಳಿತಿಲ್ಲ.

ದೂರದ ಪಟ್ಟಣದಲ್ಲಿ ನೆಲೆಸಿದ ಕುಟುಂಬಗಳಲ್ಲಿ ಈ ಕೊರತೆ ಹೆಚ್ಚು. ಬೀದರ, ಗುಲಬರ್ಗಾ, ರಾಯಚೂರುಗಳಿಂದ ಹೈದರಾಬಾದಿಗೆ ಬಂದ ಕನ್ನಡಿಗರು ಮೊದಲಿಗೆ ಬಂದದ್ದು ಪರರಾಜ್ಯಕ್ಕಲ್ಲ, ತಮ್ಮ ರಾಜಧಾನಿಗೆ. 1956ರ ನವೆಂಬರ್ 1ರಂದು ಗಡಿಗಳು ಬದಲಾದಾಗ, ಇದ್ದ ಮನೆಯಲ್ಲಿಯೇ ಇದ್ದು ಅವರು ಹೊರನಾಡ ಕನ್ನಡಿಗರಾದರು. ಅದಕ್ಕೂ ಮುಂಚೆ 1947-48ರ ರಜಾಕಾರರ ಕಾಲ, ಅನಂತರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೋಲೀಸ್ ಕಾರ್ಯಾಚರಣೆ, ಅದರ ಹಿಂದೆಯೇ ಬಂದ ಪ್ರತೀಕಾರದ ದಿನಗಳು. ಆಗ ನೊಂದವರಲ್ಲಿ ಎಲ್ಲ ಮತಗಳ ಬಡವರೂ ಇದ್ದರು. ಅದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡವರಿಗೆ ಈಗ ಎಂಬತ್ತು ದಾಟಿದೆ. ಅವರಲ್ಲಿ ಅನೇಕರು ಮಕ್ಕಳಿಗೆ ಒಂದು ಮಾತನ್ನೂ ಹೇಳಿಲ್ಲ. ‘ಹಳೆಯದು, ಬಿಡು’ ಎನ್ನುತ್ತಾರೆ. ರಾತ್ರಿ ಮಾತ್ರ ಅದು ಅವರನ್ನು ಬಿಡುವುದಿಲ್ಲ.

ವೈದ್ಯಶಾಸ್ತ್ರ ಹೇಳುವುದೇನು?

ಒಳಗೆ ಅದುಮಿಟ್ಟ ನೆನಪು ದೇಹಕ್ಕೆ ಹೊರೆಯಾಗಬಲ್ಲುದೆಂಬುದು ಹಿರಿಯರ ಅನುಭವದ ಮಾತು. ಅದನ್ನು ಪ್ರಯೋಗಕ್ಕೆ ಒಡ್ಡಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಪ್ರಮುಖರು. ಅವರೂ ಅವರ ಸಹೋದ್ಯೋಗಿಯೂ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ ಎಡೆಬಿಡದೆ ದಿನಕ್ಕೆ 15 ನಿಮಿಷ ಬರೆದರು. ಕೆಲವರು ತಮ್ಮ ಬಾಳಿನ ಅತ್ಯಂತ ನೋವಿನ ಘಟನೆಯನ್ನು ಕುರಿತು ಬರೆದರೆ, ಉಳಿದವರು ಸಾಮಾನ್ಯ ವಿಷಯಗಳನ್ನು ಬರೆದರು. ನೋವನ್ನು ಬರೆದವರಿಗೆ ಆ ಹೊತ್ತಿಗೆ ದುಃಖ ಹೆಚ್ಚಿತು. ರಕ್ತದೊತ್ತಡವೂ ಕೊಂಚ ಏರಿತು. ಆದರೆ ಘಟನೆಯನ್ನೂ ಅದರೊಡನೆ ತಮಗಾದ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಯಿಲೆಯೆಂದು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಮೆ.

ಈ ಫಲವನ್ನು ಉತ್ಪ್ರೇಕ್ಷಿಸಬಾರದು. 2006ರಲ್ಲಿ 146 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಸರಾಸರಿ ಪ್ರಯೋಜನ ಉಂಟೆಂದೂ ಆದರೆ ಅದು ಅಲ್ಪವೆಂದೂ ಕಂಡುಬಂತು. ಬರವಣಿಗೆ ಔಷಧಿಗೆ ಬದಲಿಯಲ್ಲ. ರಕ್ತದೊತ್ತಡದ ಗುಳಿಗೆಯನ್ನು ನಿಲ್ಲಿಸಿ ಕವನ ಬರೆಯಲು ಕೂಡುವುದು ಅವಿವೇಕ.

ಪೆನ್ನೆಬೇಕರ್ ಅವರ ಮುಂದಿನ ಶೋಧನೆಯೊಂದು ಪ್ರಸ್ತುತ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಬರೆದವರ ಪದಗಳನ್ನು ಎಣಿಸಿ ನೋಡಿದಾಗ, ದಿನದಿಂದ ದಿನಕ್ಕೆ ‘ಏಕೆಂದರೆ’, ‘ಆದುದರಿಂದ’, ‘ಈಗ ತಿಳಿಯಿತು’ ಎಂಬಂಥ ಮಾತುಗಳು ಹೆಚ್ಚುತ್ತ ಹೋದವರಿಗೆ ಲಾಭವೂ ಹೆಚ್ಚು ಆಗಿತ್ತು. ಮೊದಲ ದಿನ ಚೆಲ್ಲಾಪಿಲ್ಲಿಯಾಗಿದ್ದ ಸಂಗತಿ ನಾಲ್ಕನೆಯ ದಿನಕ್ಕೆ ಕಥೆಯಾಗಿ ಕೂಡಿಬಂದರೆ ಉಪಶಮನ. ಮೊದಲ ದಿನದ ಗೋಳೇ ನಾಲ್ಕನೆಯ ದಿನವೂ ಮರುಕಳಿಸಿದರೆ ಅಷ್ಟಿಲ್ಲ. ಭಾವಗೀತೆಗಿಂತ ಕಥನಕವನದ ಕಡೆಗೆ ಮನಸ್ಸನ್ನು ತಿರುಗಿಸುವುದಕ್ಕೆ ಇದೇ ಕಾರಣ. ಕಠಿಣವಾದ ನೆನಪು ಚೂರುಚೂರಾಗಿ ಬರುತ್ತದೆ: ಒಂದು ವಾಸನೆ, ಬಾಗಿಲ ಸದ್ದು, ಯಾರದೋ ಮುಖ. ಅದಕ್ಕೆ ಆದಿಯಿಲ್ಲ, ಅಂತ್ಯವಿಲ್ಲ. ಕಥೆ ಹೇಳುವವನು ‘ಮೊದಲು ಏನಾಯಿತು, ಆಮೇಲೆ ಏನಾಯಿತು’ ಎಂಬುದಕ್ಕೆ ಉತ್ತರ ಕೊಡಲೇಬೇಕು. ಕನ್ನಡಕ್ಕೆ ಈ ಕೆಲಸ ಸಹಜವಾಗಿ ಒದಗುತ್ತದೆ. ಬಂದು, ನೋಡಿ, ಕುಳಿತು, ಎದ್ದು ಎಂಬ ಕೃದಂತಾವ್ಯಯಗಳು ಒಂದು ಕ್ರಿಯೆಯನ್ನು ಮುಂದಿನದಕ್ಕೆ ತಾವೇ ಪೋಣಿಸಿಕೊಡುತ್ತವೆ.

ಬೇಂದ್ರೆಯವರ ದಾರಿ

ಆಧುನಿಕ ಕನ್ನಡದಲ್ಲಿ ಪಾಡು ಹಾಡಾದುದಕ್ಕೆ ದ. ರಾ. ಬೇಂದ್ರೆಯವರಿಗಿಂತ ದೊಡ್ಡ ನಿದರ್ಶನವಿಲ್ಲ. ಅವರಿಗೆ ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಉಳಿದವರು ಮೂವರು. ‘ನರಬಲಿ’ ಕವನಕ್ಕಾಗಿ 1932ರಲ್ಲಿ ಸೆರೆವಾಸ. ಬಳಿಕ ವರ್ಷಗಟ್ಟಲೆ ನೆಲೆಯಾದ ಉದ್ಯೋಗವಿಲ್ಲ. 1937ರಲ್ಲಿ ಬಂದ ‘ಸಖೀಗೀತ’ದಲ್ಲಿ ಅವರು ತಮ್ಮ ದಾಂಪತ್ಯದ ಕಷ್ಟಸುಖಗಳನ್ನು ಕಥನರೂಪದಲ್ಲಿ ಹೇಳಿದರು. ಹೇಳಿದ್ದು ಲೋಕಕ್ಕಲ್ಲ, ಆ ಬಾಳನ್ನು ಜೊತೆಯಾಗಿ ಬಾಳಿದ ಮಡದಿಗೆ. ಕಲಿಯುವವರು ಇಲ್ಲಿ ಒಂದು ಉಪಾಯವನ್ನು ಕಾಣಬಹುದು. ಎದುರಿಗೆ ಒಬ್ಬ ಕೇಳುಗನನ್ನು ಇಟ್ಟುಕೊಂಡರೆ ಮಾತು ಸುಳ್ಳಾಡುವುದಿಲ್ಲ. ನಡೆದುದನ್ನೆಲ್ಲ ಬಲ್ಲ ಸಖಿಯ ಮುಂದೆ ಗಂಡನು ತನ್ನ ಶೋಕವನ್ನು ಹಿಗ್ಗಿಸಿ ಹೇಳಲಾರ. ಕಂದನನ್ನು ಕಳೆದುಕೊಂಡ ಹೊತ್ತಿನಲ್ಲಿ ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನ ಬಾಯಲ್ಲಿ ಬರುವ ಅವರ ಇನ್ನೊಂದು ಪ್ರಸಿದ್ಧ ಕವನವೂ ಹೀಗೆಯೇ ಒಬ್ಬಳನ್ನೇ ಕುರಿತು ಆಡಿದ ಮಾತು. ಅದೂ ಧಾರವಾಡದ ಮನೆಮಾತಿನಲ್ಲಿ. ಗ್ರಾಂಥಿಕ ಕನ್ನಡ ಬಾರದೆಂದು ಹಿಂಜರಿಯುವ ಹೈದರಾಬಾದಿನ ಹಿರಿಯರು ಇದನ್ನು ನೆನೆಯಬೇಕು. ದವಾಖಾನೆ ಎಂದು ಬಾಯಿಗೆ ಬಂದರೆ ಅದನ್ನು ಚಿಕಿತ್ಸಾಲಯವೆಂದು ತಿದ್ದುವ ಅಗತ್ಯವಿಲ್ಲ.

ಅಭ್ಯಾಸದ ಕ್ರಮ

ಮೊದಲಿಗೇ ಅತಿ ಭೀಕರವಾದ ನೆನಪಿಗೆ ಕೈಹಾಕಬಾರದು. ನೋವುಂಟು, ಆದರೆ ಕೈಮೀರಿಲ್ಲ ಎಂಬಂಥ ಒಂದು ದಿನವನ್ನು ಆರಿಸಿಕೊಳ್ಳಬೇಕು. ಇಡೀ ಬಾಳಲ್ಲ, ಒಂದು ದಿನ. ಕೆಲವು ದಿನಗಳ ಕಾಲ ಹದಿನೈದಿಪ್ಪತ್ತು ನಿಮಿಷ ಗದ್ಯದಲ್ಲಿಯೇ ಬರೆಯುವುದು. ವ್ಯಾಕರಣ, ಅಕ್ಷರದ ಅಂದ ಯಾವುದನ್ನೂ ಲೆಕ್ಕಿಸಬಾರದು. ಆಮೇಲೆ ಕಾಗದವನ್ನು ಒಂದೆರಡು ವಾರ ಮುಚ್ಚಿಡುವುದು. ಮತ್ತೆ ತೆಗೆದಾಗ ಎರಡು ಬಗೆಯ ಮಾತುಗಳು ಕಣ್ಣಿಗೆ ಬೀಳುತ್ತವೆ: ಎಲ್ಲರ ದುಃಖಕ್ಕೂ ಹೊಂದುವ ಮಾತು, ಈ ದುಃಖಕ್ಕೆ ಮಾತ್ರ ಹೊಂದುವ ಮಾತು. ‘ವಿಧಿಯ ಕ್ರೂರತೆ’, ‘ಕಂಬನಿಯ ಕಡಲು’ ಮೊದಲ ಬಗೆಯವು. ಅವನ್ನು ಹೊಡೆದುಹಾಕಿದರೆ ಕವನಕ್ಕೆ ನಷ್ಟವಿಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಲಿಂಗಸುಗೂರಿನ ಕಡೆಯ ಹೆಣ್ಣುಮಗಳೊಬ್ಬಳು ಮದುವೆಯಾಗಿ ಕಾಚಿಗುಡಾಕ್ಕೆ ಬಂದಿದ್ದಾಳೆ. ತಂದೆಯ ಅವಸಾನದ ಸುದ್ದಿ ತಂತಿಯಲ್ಲಿ ಬಂತು. ತಲಪುವಷ್ಟರಲ್ಲಿ ಸಂಸ್ಕಾರ ಮುಗಿದಿತ್ತು. ಹೊರನಾಡಿನಲ್ಲಿ ನೆಲೆಸಿದವರಲ್ಲಿ ಈ ನೋವನ್ನು ಅರಿಯದ ಮನೆ ವಿರಳ. ಗದ್ಯದ ಮೊದಲ ಕರಡಿನಲ್ಲಿ ಅವಳು ‘ಸಿಡಿಲು ಬಡಿದಂತಾಯಿತು, ಜಗತ್ತೇ ಕತ್ತಲಾಯಿತು’ ಎಂದು ಬರೆದಾಳು. ಆ ಹೊತ್ತಿನಲ್ಲಿ ಕೈ ಏನು ಮಾಡುತ್ತಿತ್ತು ಎಂದು ತನ್ನನ್ನು ತಾನೇ ಕೇಳಿಕೊಂಡರೆ ಬೇರೆ ಸಾಲುಗಳು ಬರುತ್ತವೆ:

ತಂತಿಯು ಬಂದಿತು, ಹಾಲುಕ್ಕಿತ್ತು;
ಒಲೆಯನು ಆರಿಸಿ ಓದಿದೆ ನಿಂತು.
ಎರಡೇ ಮಾತವು: ‘ಕೂಡಲೆ ಹೊರಡು’.
ರಾತ್ರಿಯ ಗಾಡಿಗೆ ಹಗಲಿಡಿ ಇತ್ತು.

ಇದು ಮಹಾಕಾವ್ಯವಲ್ಲ, ಅಭ್ಯಾಸದ ಸಾಲು. ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣಗಳು, ಕೊನೆಯ ಅಕ್ಷರವನ್ನು ಗುರುವೆಂದು ಎಣಿಸಿದರೆ ಸರಿಹೋಗುತ್ತದೆ. ಇದರಲ್ಲಿ ‘ದುಃಖ’ ಎಂಬ ಪದವಿಲ್ಲ. ಮಂಗಳಸೂಚಕವಾಗಬೇಕಾದ ಹಾಲುಕ್ಕುವ ಘಳಿಗೆ ಅಮಂಗಳಕ್ಕೆ ಒದಗಿದೆ. ಹಗಲೆಲ್ಲ ಕಾಯುವ ಸಂಕಟವು ನಾಲ್ಕನೆಯ ಸಾಲಿನಲ್ಲಿ ತಾನಾಗಿ ಕಾಣುತ್ತದೆ. ಮಾತ್ರೆ ಎಣಿಸುವಾಗ ಬುದ್ಧಿಯು ಕೆಲಸದಲ್ಲಿರುತ್ತದೆ, ಭಾವವು ಕೊಂಚ ಬದಿಗೆ ಸರಿದು ನಿಲ್ಲುತ್ತದೆ. ಛಂದಸ್ಸಿನ ಈ ಉಪಕಾರವನ್ನು ಗದ್ಯವು ಮಾಡಲಾರದು. ‘ನಾನು’ ಎಂದು ಬರೆಯುವುದು ಸಹಿಸಲಾಗದಿದ್ದಲ್ಲಿ ‘ಅವಳು’ ಎಂದು ಬರೆಯಲಿ. ಕಥನದಲ್ಲಿ ಅದಕ್ಕೆ ಅವಕಾಶವಿದೆ.

ಮುಂದೆ ಅವಳು ಏನು ಮಾಡಿದಳು? ಯಾರ ಬಳಿ ಹಣ ಕೇಳಿದಳು, ಮಕ್ಕಳನ್ನು ಯಾರ ಮನೆಯಲ್ಲಿ ಬಿಟ್ಟಳು, ರಾಯಚೂರಿನ ನಿಲ್ದಾಣದಲ್ಲಿ ಇಳಿದಾಗ ಎಷ್ಟು ಹೊತ್ತಾಗಿತ್ತು? ಕವನ ಸಾಗಬೇಕಾದುದು ಈ ಪ್ರಶ್ನೆಗಳ ಮೇಲೆ. ಬರೆಯುತ್ತ ಬರೆಯುತ್ತ, ವರ್ಷಗಳಿಂದ ತನ್ನದೇ ತಪ್ಪೆಂದು ಕೊರಗಿದ ಸಂಗತಿಯಲ್ಲಿ ತಪ್ಪು ಗಾಡಿಯ ವೇಳೆಯದೆಂದು ಅವಳಿಗೆ ಹೊಳೆಯಲೂಬಹುದು. ‘ಆದುದರಿಂದ’ ಎಂಬ ಪದದ ಮಹಿಮೆ ಅದು. ಹೊಳೆಯದಿದ್ದರೆ ಬಲವಂತವಾಗಿ ಸಮಾಧಾನವನ್ನು ತಂದು ಅಂಟಿಸಬಾರದು. ಸ್ಮರಣ ಸಂಚಿಕೆಗಳಲ್ಲಿ ಬರುವ ಎಷ್ಟೋ ಕವನಗಳು ಕೊನೆಯ ಎರಡು ಸಾಲಿನ ಉಪದೇಶದಿಂದಲೇ ಕೆಡುತ್ತವೆ.

ಎಚ್ಚರಿಕೆಗಳೂ ಇವೆ. ಶೋಕ ಹೊಸದಾಗಿರುವಾಗ, ಮನೆಯಲ್ಲಿ ಸಾವಾಗಿ ತಿಂಗಳು ತುಂಬದಿರುವಾಗ, ಯಾರನ್ನೂ ಬರೆಯಲು ಒತ್ತಾಯಿಸಬಾರದು. ಬರೆಯುವಾಗ ಅಳು ಬರುವುದು ಸಹಜ. ಗಂಟೆರಡು ಗಂಟೆಯಲ್ಲಿ ಅದು ಇಳಿಯಬೇಕು. ಬರೆದ ಮೇಲೆ ವಾರಗಟ್ಟಲೆ ನಿದ್ರೆ ಕೆಟ್ಟರೆ, ಊಟ ಬಿಟ್ಟರೆ, ಘಟನೆ ಕಣ್ಣೆದುರಿಗೇ ಮತ್ತೆ ನಡೆಯುತ್ತಿರುವಂತೆ ಅನಿಸಿದರೆ ಲೇಖನಿಯನ್ನು ಕೆಳಗಿಟ್ಟು ಮನೋವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಯೋಚನೆ ಸುಳಿದರಂತೂ ಒಂದು ದಿನವೂ ತಡಮಾಡಕೂಡದು. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416; ಕರೆಗೆ ಶುಲ್ಕವಿಲ್ಲ, ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಇನ್ನೊಂದು ಸೂಕ್ಷ್ಮ ಸಂಗತಿ, ಕವನದಲ್ಲಿ ಬರುವ ಇತರರದು. ನೆನಪು ಬರೆಯುವವರದೇ ಆದರೂ ಅದರೊಳಗೆ ಅತ್ತಿಗೆಯೋ ಮೈದುನನೋ ಇರುತ್ತಾರೆ, ಅವರ ಮಕ್ಕಳು ಇದೇ ಊರಿನಲ್ಲಿರುತ್ತಾರೆ. ಬರೆಯುವಾಗ ಏನನ್ನೂ ಮುಚ್ಚಬೇಕಿಲ್ಲ. ಹೊರಗೆ ಓದುವ ಮುನ್ನ ಹೆಸರು, ಊರುಗಳನ್ನು ಬದಲಿಸುವುದು ಲೇಸು. 1948ರ ನೆನಪುಗಳಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. ಬಾಗಿಲು ಬಡಿದವನ ಮತವನ್ನು ಬರೆದವರು, ಹಿತ್ತಲಲ್ಲಿ ಬಚ್ಚಿಟ್ಟು ಕಾಪಾಡಿದ ನೆರೆಯವನ ಮತವನ್ನೂ ಬರೆಯದಿದ್ದರೆ ಕಥನ ಅರ್ಧವಾಗಿ ಉಳಿಯುತ್ತದೆ.

ಮೊಮ್ಮಕ್ಕಳಿಗೆ ಕನ್ನಡ ಲಿಪಿ ಓದಲು ಬಾರದೆಂಬ ಕೊರಗು ಇಲ್ಲಿನ ಅನೇಕ ಮನೆಗಳಲ್ಲಿದೆ. ಗದ್ಯವಾದರೆ ಅದು ನಿಜವಾದ ಅಡ್ಡಿ. ಲಯವುಳ್ಳ ಕಥೆಯನ್ನಾದರೋ ಕಿವಿಯಿಂದಲೇ ಹಿಡಿಯಬಹುದು. ಮೊಬೈಲಿನಲ್ಲಿ ಅಜ್ಜಿಯ ದನಿಯಲ್ಲಿಯೇ ಧ್ವನಿಮುದ್ರಿಸಿ ಇಡಲೂಬಹುದು. ಕಾಗದದ ಪ್ರತಿಯ ಕೆಳಗೆ ಬರೆದ ತಾರೀಖಿನ ಜೊತೆಗೆ ಘಟನೆ ನಡೆದ ಊರು, ತಿಂಗಳು, ವರ್ಷಗಳನ್ನೂ ನಮೂದಿಸಿಡಬೇಕು; ಕವನದೊಳಗೆ ಹೆಸರು ಬದಲಿಸಿದ್ದರೆ ನಿಜವಾದ ಹೆಸರುಗಳನ್ನು ಬೇರೊಂದು ಚೀಟಿಯಲ್ಲಿ ಬರೆದು ಮನೆಯಲ್ಲಿಯೇ ಇಟ್ಟುಕೊಳ್ಳುವುದು.