ಚಾಕೊಲೇಟು ಪಾನೀಯವೂ ನಮ್ಮ ಅಡಿಗೆಮನೆಯ ಶಾಸ್ತ್ರವೂ

ಬಿಸಿಯಾದ ಪಾನೀಯವೊಂದಿಲ್ಲದೆ ಬೆಳಗಾಗುವ ಮನೆ ನಮ್ಮ ಕಡೆ ವಿರಳವೆಂದೇ ಹೇಳಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಆ ಸ್ಥಾನವು ಮೊದಲು ರಾಗಿಯ ಅಂಬಲಿಗೆ ಸಲ್ಲುತ್ತಿತ್ತು; ಅನಂತರ ಕಾಫಿಯೂ ಟೀಯೂ ಬಂದು ಒಲೆಯನ್ನೇರಿದವು. ಈಚಿನ ಅತಿಥಿಯೆಂದರೆ ಬಿಸಿ ಚಾಕೊಲೇಟು. ಇದು ಪಟ್ಟಣದ ಹೋಟೆಲುಗಳಲ್ಲಿ ದುಬಾರಿ ಬೆಲೆಗೆ ದೊರೆಯುವ ವಸ್ತು, ಇಲ್ಲವೇ ಡಬ್ಬಿಯಿಂದ ಪುಡಿ ತೆಗೆದು ಹಾಲಿಗೆ ಹಾಕಿಕೊಳ್ಳುವ ವಸ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದನ್ನು ಮನೆಯಲ್ಲಿಯೇ ಮೊದಲಿನಿಂದ ಗಟ್ಟಿಯಾಗಿ, ರುಚಿಯಾಗಿ ಮಾಡಿಕೊಳ್ಳುವುದು ಹೇಗೆಂದು ತಿಳಿಸುವುದು ಈ ಲೇಖನದ ಒಂದು ಉದ್ದೇಶ. ಅದಕ್ಕೆ ಬೇಕಾದ ನಿಯಮಗಳನ್ನೆಲ್ಲ ನಮ್ಮ ಕಡೆಯ ಗಾಣದವರೂ ಅಂಬಲಿ ಕಾಸುವ ತಾಯಂದಿರೂ ಆಗಲೇ ಬಲ್ಲರೆಂದು ತೋರಿಸುವುದು ಎರಡನೆಯ ಉದ್ದೇಶ.

ಮೊದಲು ಈ ವಸ್ತುವಿನ ಪೂರ್ವೋತ್ತರವನ್ನು ಸ್ವಲ್ಪ ನೋಡೋಣ. ಕೋಕೋ ಮರದ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ. ಮೆಕ್ಸಿಕೋ ದೇಶದ ಕಡೆಯ ಮಾಯಾ, ಆಜ್ಟೆಕ್ ಜನರು ಅದರ ಬೀಜವನ್ನು ಹುರಿದು, ಅರೆದು, ನೀರಿನಲ್ಲಿ ಕದಡಿ, ಎತ್ತರದಿಂದ ಹೊಯ್ದು ನೊರೆ ಬರಿಸಿ ಕುಡಿಯುತ್ತಿದ್ದರು. ಅದಕ್ಕೆ ಮೆಣಸಿನಕಾಯಿಯನ್ನು ಬೆರೆಸುವುದೂ ಉಂಟಾಗಿತ್ತು, ಸಕ್ಕರೆ ಇರಲಿಲ್ಲ. 16ನೆಯ ಶತಮಾನದಲ್ಲಿ ಸ್ಪೇನಿನವರ ಮೂಲಕ ಅದು ಯೂರೋಪನ್ನು ಸೇರಿ ಸಕ್ಕರೆಯ ಸ್ನೇಹ ಬೆಳೆಸಿತು. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಮರಕ್ಕೆ ‘ಥಿಯೊಬ್ರೋಮ’, ಅಂದರೆ ದೇವತೆಗಳ ಆಹಾರ, ಎಂದು ಹೆಸರಿಟ್ಟನು. ಕಚ್ಚಿ ತಿನ್ನುವ ಚಾಕೊಲೇಟಿನ ಅಚ್ಚು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ತಯಾರಾದುದು 1847ರಲ್ಲಿ. ಹೀಗೆ ಚಾಕೊಲೇಟು ಬಹುಕಾಲ ಕುಡಿಯುವ ವಸ್ತುವೇ ಆಗಿದ್ದು, ತಿನ್ನುವ ವಸ್ತುವಾದುದು ತೀರ ಈಚೆಗೆ.

ಹಾಗೆಂದು ಅದು ನಮ್ಮ ನಾಡಿಗೆ ಪೂರ್ತಿ ಪರಕೀಯವೂ ಅಲ್ಲ. ದಕ್ಷಿಣ ಕನ್ನಡದ ಅಡಕೆ ತೋಟಗಳಲ್ಲಿ, ಅಡಕೆ ಮರಗಳ ನೆರಳಿನಲ್ಲಿ, ಕೋಕೋ ಬೆಳೆಯುತ್ತದೆ. ಅದಕ್ಕೆ ನೆರಳು, ತೇವ, ಧಾರಾಳವಾದ ಮಳೆ ಮೂರೂ ಬೇಕು. ಮಳೆಗಾಗಿ ಮುಗಿಲು ನೋಡುವ ಪಾವಗಡದ ಬಯಲಿಗೆ ಅದು ಒಗ್ಗುವ ಗಿಡವಲ್ಲ. ಅಡಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೋ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾಯಿತು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಮುಂದೆ ಕೋಕೋ ಬೆಲೆ ಕುಸಿದು ಬೆಳೆಗಾರರು ಕಂಗಾಲಾದಾಗ ಆ ಸಂಸ್ಥೆಯೇ ಬೀಜವನ್ನು ಕೊಳ್ಳಲು ಮುಂದಾಯಿತಲ್ಲದೆ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೂ ತೆರೆಯಿತು. ಬೆಳೆದವರೇ ಸೇರಿ ಬೆಳೆಗೆ ಬೆಲೆ ಕಟ್ಟಿದ ಈ ಉದಾಹರಣೆಯನ್ನು ಶೇಂಗಾ ಬೆಳೆಯುವ ನಮ್ಮ ತಾಲ್ಲೂಕುಗಳವರು ನೆನಪಿನಲ್ಲಿಡಬೇಕು.

ಶೇಂಗಾ ಎಂದೊಡನೆ ಪ್ರಕೃತ ವಿಷಯಕ್ಕೆ ಬಂದಂತಾಯಿತು. ಕೋಕೋ ಕಾಯಿಯನ್ನು ಒಡೆದರೆ ಒಳಗೆ ಬಿಳಿಯ ತಿರುಳಿನಿಂದ ಸುತ್ತಿಕೊಂಡ ಬೀಜಗಳಿರುತ್ತವೆ. ಇವನ್ನು ರಾಶಿ ಹಾಕಿ ಮುಚ್ಚಿಟ್ಟು, ನಡುನಡುವೆ ತಿರುವುತ್ತ, ಆರು ದಿನಗಳ ಕಾಲ ಹುಳಿಯಿಸುತ್ತಾರೆ. ಚಾಕೊಲೇಟಿನ ಪರಿಮಳಕ್ಕೆ ಬೀಜ ಬೀಳುವುದು ಈ ಹುಳಿಯುವಿಕೆಯಲ್ಲಿಯೇ. ಅನಂತರ ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಒಣ ಬೀಜ ದೊರೆತವರು ಮುಂದಿನದನ್ನು ಮನೆಯಲ್ಲಿಯೇ ಮಾಡಬಹುದು. ದಪ್ಪ ಬಾಣಲೆಯಲ್ಲಿ ಹದವಾದ ಉರಿಯಲ್ಲಿ, ಕಡಲೆಕಾಯಿ ಬೀಜವನ್ನು ಹುರಿಯುವಂತೆಯೇ, ಕೈಬಿಡದೆ ಹುರಿಯಬೇಕು. ಆರಿದ ಮೇಲೆ ಉಜ್ಜಿ, ಮೊರದಲ್ಲಿ ಕೇರಿ, ಸಿಪ್ಪೆಯನ್ನು ಹಾರಿಸಬೇಕು. ಬಳಿಕ ಒರಳಿನಲ್ಲಿಯಾಗಲಿ ಮಿಕ್ಸಿಯಲ್ಲಿಯಾಗಲಿ ಅರೆಯಬೇಕು. ಆಗ ಒಂದು ವಿಶೇಷ ಕಾಣುತ್ತದೆ: ನೀರನ್ನೇ ಹಾಕದಿದ್ದರೂ ಬೀಜವು ಪುಡಿಯಾಗಿ ನಿಲ್ಲದೆ ಮೆತ್ತಗಾಗಿ, ಜಿಡ್ಡಾಗಿ, ಕೊನೆಗೆ ಹರಿಯತೊಡಗುತ್ತದೆ. ಹುರಿದ ಕಡಲೆಕಾಯಿ ಬೀಜವನ್ನು ಬಹಳ ಹೊತ್ತು ರುಬ್ಬಿದವರಿಗೆ ಇದು ಪರಿಚಿತವೇ. ಕಾರಣವೂ ಒಂದೇ. ಶೇಂಗಾ ಬೀಜದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಎಣ್ಣೆಯಿದೆ; ಕೋಕೋ ಬೀಜದಲ್ಲಿ ಅರ್ಧಕ್ಕಿಂತ ತುಸು ಹೆಚ್ಚೇ ಕೊಬ್ಬಿದೆ. ವ್ಯತ್ಯಾಸವಿಷ್ಟೆ: ಶೇಂಗಾ ಎಣ್ಣೆ ಸದಾ ದ್ರವ, ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಂಟಿಗ್ರೇಡಿನಲ್ಲಿ ಮಾತ್ರ ಕರಗುತ್ತದೆ. ಚಾಕೊಲೇಟು ಕೈಯಲ್ಲಿ ಗಟ್ಟಿಯಾಗಿದ್ದು ಬಾಯಲ್ಲಿ ಕರಗುವ ರಹಸ್ಯ ಇದು.

ಇನ್ನು ಗಾಣದ ಮಾತು. ಶೇಂಗಾವನ್ನು ಗಾಣಕ್ಕೆ ಹಾಕಿದರೆ ಎಣ್ಣೆ ಬೇರೆ, ಹಿಂಡಿ ಬೇರೆ ಆಗುತ್ತದೆ. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಎಂಬಾತನು ಅರೆದ ಕೋಕೋವನ್ನು ಯಂತ್ರದಲ್ಲಿ ಒತ್ತಿ ಬೆಣ್ಣೆಯನ್ನು ಹೊರತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಹೀಗೆ ಒತ್ತಿದ ಮೇಲೆ ಉಳಿದ ಹಿಂಡಿಯನ್ನು ಕುಟ್ಟಿ ಜರಡಿ ಹಿಡಿದುದೇ ಅಂಗಡಿಯಲ್ಲಿ ಸಿಕ್ಕುವ ಕೋಕೋ ಪುಡಿ. ಅದರಲ್ಲಿ ಉಳಿಯುವ ಕೊಬ್ಬು ಸಾಮಾನ್ಯವಾಗಿ ಶೇಕಡ 10ರಿಂದ 24ರವರೆಗೆ ಮಾತ್ರ. ಈ ಒಂದು ಅಂಶವನ್ನು ಮನಸ್ಸಿಗೆ ತಂದುಕೊಂಡರೆ ಪಾನೀಯದ ಮರ್ಮವೆಲ್ಲ ತಿಳಿದಂತೆ. ಪುಡಿಯನ್ನಷ್ಟೇ ಹಾಲಿಗೆ ಹಾಕಿದರೆ ನೀರು ನೀರಾಗಿರುತ್ತದೆ. ಗಟ್ಟಿಯಾಗಲೆಂದು ಇನ್ನಷ್ಟು ಪುಡಿ ಸುರಿದರೆ ಕಹಿಯಾಗುತ್ತದೆಯೇ ಹೊರತು ಸಮೃದ್ಧವಾಗುವುದಿಲ್ಲ. ಹಿಂಡಿಗೆ ಅದರ ಎಣ್ಣೆಯನ್ನು ಮರಳಿ ಕೊಡಬೇಕು. ಆದುದರಿಂದಲೇ ಪುಡಿಯ ಜೊತೆಗೆ ಕಪ್ಪು ಚಾಕೊಲೇಟಿನ ತುಂಡನ್ನು ಸೇರಿಸುವುದು. ಕೊಳ್ಳುವಾಗ ಹೊದಿಕೆಯ ಮೇಲಿನ ಪಟ್ಟಿಯನ್ನು ಓದಬೇಕು. ‘ಕಾಂಪೌಂಡ್’ ಎಂಬ ಅಗ್ಗದ ಅಚ್ಚುಗಳಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಕಪ್ಪು ಚಾಕೊಲೇಟು ಸಿಕ್ಕದಿದ್ದರೆ ಒಂದು ಚಮಚ ಉಪ್ಪಿಲ್ಲದ ಬೆಣ್ಣೆ ಅಥವಾ ಹಾಲಿನ ಕೆನೆ ಆದೀತು. ಹಾಲು ಒಗ್ಗದವರು ಕೊರಟಗೆರೆ ಕಡೆಯ ತೋಟದ ತೆಂಗಿನಕಾಯಿಯನ್ನು ತುರಿದು ಹಿಂಡಿದ ಮೊದಲ ಹಾಲನ್ನು ಬಳಸಬಹುದು. ಅದರಲ್ಲಿಯೂ ಜಿಡ್ಡು ಧಾರಾಳವಾಗಿದೆ.

ಸಮೃದ್ಧಿಗೆ ಎರಡನೆಯ ಕಾರಣ ಪಿಷ್ಟ. ಸ್ಪೇನ್, ಇಟಲಿಗಳಲ್ಲಿ ಚಮಚ ನಿಲ್ಲುವಷ್ಟು ಗಟ್ಟಿಯಾದ ಚಾಕೊಲೇಟು ಮಾಡುವಾಗ ಜೋಳದ ಪಿಷ್ಟವನ್ನು ಸ್ವಲ್ಪ ಬೆರೆಸುತ್ತಾರೆ. ನಮ್ಮ ಮನೆಯಲ್ಲಿ ರಾಗಿಹಿಟ್ಟು ಇದ್ದೇ ಇದೆ. ಅದರ ಬಣ್ಣವೂ ಕೋಕೋ ಬಣ್ಣದಲ್ಲಿ ಲೀನವಾಗುತ್ತದೆ. ಆದರೆ ಅದನ್ನು ಬಿಸಿ ಹಾಲಿಗೆ ನೇರವಾಗಿ ಉದುರಿಸಬಾರದು. ಅಂಬಲಿಗೆ ಮಾಡುವಂತೆ ಮೊದಲು ತಣ್ಣೀರಿನಲ್ಲಿ ಕಲಸಿ, ಆಮೇಲೆ ಹೊಯ್ಯಬೇಕು. ಪಿಷ್ಟದ ಕಣಗಳು ಸುಮಾರು 65 ಡಿಗ್ರಿಯ ಮೇಲೆ ನೀರನ್ನು ಹೀರಿ ಉಬ್ಬಿ ಅಂಟಾಗುತ್ತವೆ. ಒಣಹಿಟ್ಟು ಬಿಸಿಗೆ ಬಿದ್ದೊಡನೆ ಹೊರಗಿನ ಪದರ ಅಂಟಾಗಿ, ಒಳಗೆ ನೀರು ಇಳಿಯಲು ದಾರಿಯಿಲ್ಲದೆ, ಗಂಟು ಕಟ್ಟುತ್ತದೆ. ತಣ್ಣೀರಿನಲ್ಲಿ ಕಣಗಳು ಬೇರೆ ಬೇರೆಯಾಗಿ ನಿಂತಿರುವುದರಿಂದ ಎಲ್ಲವೂ ಸಮನಾಗಿ ಬೇಯುತ್ತವೆ.

ಇಲ್ಲಿ ಮೂರು ಬಗೆಯ ಹಿಟ್ಟುಗಳ ಭೇದವನ್ನು ಅರಿಯುವುದು ಒಳಿತು. ಹಸಿ ರಾಗಿಹಿಟ್ಟನ್ನು ಚೆನ್ನಾಗಿ ಕುದಿಸಿದರೆ ಮಾತ್ರ ಗಟ್ಟಿಯಾಗುತ್ತದೆ, ಹಸಿವಾಸನೆಯೂ ಹೋಗುತ್ತದೆ. ರಾಗಿಯನ್ನು ಅರಳಿಸಿ ಬೀಸಿದ ಹುರಿಹಿಟ್ಟಿನಲ್ಲಿ ಪಿಷ್ಟ ಆಗಲೇ ಬೆಂದಿರುವುದರಿಂದ ಅದು ಬೇಗನೆ ಗಟ್ಟಿಯಾಗುತ್ತದೆ. ಅದರ ಹುರಿದ ಕಂಪು ಕೋಕೋವಿಗೆ ಹೊಂದುತ್ತದೆ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಮಾಲ್ಟ್ ಮಾತ್ರ ಪಾನೀಯವನ್ನು ತೆಳ್ಳಗಾಗಿಸುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ತುಂಡರಿಸುವುದೇ ಅದಕ್ಕೆ ಕಾರಣ. ಹೆಚ್ಚು ಹಿಟ್ಟಿದ್ದರೂ ತೆಳ್ಳಗಿರುವುದರಿಂದ ಮಾಲ್ಟಿನ ಸರಿ ಎಳೆಯ ಮಕ್ಕಳಿಗೆ ಅನುಕೂಲ. ಗಟ್ಟಿ ಚಾಕೊಲೇಟಿಗೆ ಮಾತ್ರ ಹುರಿಹಿಟ್ಟೇ ಮೇಲು.

ಇನ್ನು ಮಾಡುವ ಕ್ರಮ. ಎರಡು ಲೋಟಗಳಿಗೆ ಹಾಲು 300 ಮಿ.ಲೀ., ನೀರು 100 ಮಿ.ಲೀ., ಸಿಹಿ ಬೆರೆಸದ ಕೋಕೋ ಪುಡಿ 15 ಗ್ರಾಂ, ಕಪ್ಪು ಚಾಕೊಲೇಟು 30 ಗ್ರಾಂ, ಸಕ್ಕರೆ 20 ಗ್ರಾಂ, ಹುರಿಹಿಟ್ಟು 5 ಗ್ರಾಂ ಅಂದರೆ ಒಂದು ಟೀ ಚಮಚ, ಒಂದು ಚಿಟಿಕೆ ಉಪ್ಪು, ಒಂದು ಏಲಕ್ಕಿ. ಪುಡಿ, ಸಕ್ಕರೆ, ಉಪ್ಪುಗಳನ್ನು ಒಣದಾಗಿಯೇ ಬೆರೆಸಬೇಕು. ಜಿಡ್ಡಿರುವ ಕೋಕೋ ಪುಡಿ ನೀರಿನ ಮೇಲೆ ತೇಲುವ ಸ್ವಭಾವದ್ದು; ಸಕ್ಕರೆಯ ಹರಳು ನಡುವೆ ಸೇರಿದರೆ ಕಣಗಳು ಬಿಡಿಯಾಗುತ್ತವೆ. ಅರ್ಧ ನೀರನ್ನು ಬಿಸಿ ಮಾಡಿ ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ನುಣ್ಣಗೆ ಕಲಸಿ, ಸಣ್ಣ ಉರಿಯಲ್ಲಿ ಒಂದು ನಿಮಿಷ ಕುದಿಸಿದರೆ ಪರಿಮಳ ಬಿಚ್ಚಿಕೊಳ್ಳುತ್ತದೆ. ಬಳಿಕ ಹಾಲನ್ನು ಹೊಯ್ದು, ಉಳಿದ ತಣ್ಣೀರಿನಲ್ಲಿ ಕಲಸಿದ ಹಿಟ್ಟನ್ನು ಸೇರಿಸಿ, ತಳ ಹಿಡಿಯದಂತೆ ತಿರುವುತ್ತ ಐದು ನಿಮಿಷ ಕಾಯಿಸಬೇಕು. ಪಾತ್ರೆಯನ್ನು ಇಳಿಸಿದ ಮೇಲೆಯೇ ಚಾಕೊಲೇಟಿನ ಚೂರುಗಳನ್ನೂ ಏಲಕ್ಕಿಯನ್ನೂ ಹಾಕುವುದು. ಅವು ಕರಗಲು ಹಾಲಿನ ಬಿಸಿಯೇ ಸಾಕು. ಸಕ್ಕರೆಯ ಬದಲು ಬೆಲ್ಲ ಹಾಕುವವರು ಅದನ್ನೂ ಇಳಿಸಿದ ಮೇಲೆಯೇ ಹಾಕಬೇಕು. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಸಂಭವವುಂಟೆಂಬುದು ಪಾಯಸ ಮಾಡುವವರೆಲ್ಲ ಬಲ್ಲ ಮಾತು. ಕೊನೆಗೆ ಕಡೆಗೋಲನ್ನು ಎರಡು ಅಂಗೈಗಳ ನಡುವೆ ಹೊಸೆದು ನೊರೆ ಬರಿಸಬೇಕು. ಮೆಕ್ಸಿಕೋದವರು ಇದಕ್ಕಾಗಿಯೇ ಮೊಲಿನಿಯೊ ಎಂಬ ಮರದ ಕೋಲನ್ನು ಅಂಗೈಗಳ ನಡುವೆ ಹೀಗೆಯೇ ತಿರುಗಿಸುತ್ತಾರೆ. ಕಡೆಯುವುದರಿಂದ ಜಿಡ್ಡು ಸಣ್ಣ ಹನಿಗಳಾಗಿ ಹಾಲಿನಲ್ಲಿ ಹರಡಿ ಮೇಲೆ ತೇಲದೆ ನಿಲ್ಲುತ್ತದೆ.

ಆರೋಗ್ಯದ ದೃಷ್ಟಿಯಿಂದ ಒಂದೆರಡು ಮಾತು ಅಗತ್ಯ. ಮೇಲಿನ ಲೆಕ್ಕದಲ್ಲಿ ಒಂದು ಲೋಟಕ್ಕೆ, ಚಾಕೊಲೇಟಿನಲ್ಲಿರುವುದೂ ಸೇರಿ, ಸುಮಾರು 15 ಗ್ರಾಂ ಸಕ್ಕರೆ ಬೀಳುತ್ತದೆ. ಬೆರೆಸಿದ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂ ಒಳಗಿಟ್ಟರೆ ಉತ್ತಮವೆಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯ ಸಾರ. ಆದುದರಿಂದ ಇದು ನಿತ್ಯದ ಪಾನೀಯವಲ್ಲ. ಡಬ್ಬಿಯ ಸಿಹಿ ಪುಡಿಗಳಲ್ಲಿ ಸಕ್ಕರೆ ಎಷ್ಟಿದೆಯೆಂದು ಓದಿ ನೋಡಬೇಕು. ಪಟ್ಟಿಯಲ್ಲಿ ಮೊದಲು ಬರುವ ಪದಾರ್ಥವೇ ತೂಕದಲ್ಲಿ ಹೆಚ್ಚಿನದು. ಇಂತಹ ಪಾನೀಯಗಳನ್ನು ‘ಆರೋಗ್ಯ ಪಾನೀಯ’ಗಳ ಪಟ್ಟಿಯಲ್ಲಿ ಮಾರಬಾರದೆಂದು ಕೇಂದ್ರದ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲ್ ತಿಂಗಳಲ್ಲಿ ಆನ್‌ಲೈನ್ ಮಾರಾಟಗಾರರಿಗೆ ತಿಳಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ 3 ದಿನ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡುವ ಕಾರ್ಯಕ್ರಮ ಆರಂಭವಾಯಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಸುಣ್ಣದಂಶವಿದೆ. ಆದರೆ ನಮ್ಮ ಪಾನೀಯದ ಒಂದು ಚಮಚ ಹುರಿಹಿಟ್ಟಿನಿಂದ ಬರುವುದು 18 ಮಿ.ಗ್ರಾಂ ಮಾತ್ರ; ರಾಗಿ ಹಾಕಿದೆವೆಂದು ಹಿಗ್ಗಬೇಕಾಗಿಲ್ಲ. ಇನ್ನೊಂದು ಎಚ್ಚರಿಕೆ: ಕೋಕೋದಲ್ಲಿರುವ ಥಿಯೊಬ್ರೋಮಿನ್ ನಾಯಿಗಳಿಗೆ ವಿಷವಾದುದರಿಂದ ಉಳಿದುದನ್ನು ನಾಯಿಗೆ ಹಾಕಕೂಡದು.

ನಮ್ಮ ಕಾಲೇಜಿನಲ್ಲಿ ಓದುವ ಅನೇಕರು ತಮ್ಮ ಮನೆತನದ ಮೊದಲ ಪದವೀಧರರಾಗುವವರು. ಪಟ್ಟಣದಿಂದ ಹೊಸ ವಸ್ತುವೊಂದನ್ನು ಮನೆಗೆ ಒಯ್ಯುವಾಗ, ಇದು ಹಳ್ಳಿಯವರಿಗೆ ತಿಳಿಯದೆಂಬ ಭಾವ ನಮಗರಿಯದೆಯೇ ಮೂಡುತ್ತದೆ. ಗಾಣ, ಮೊರ, ಕಡೆಗೋಲು, ಅಂಬಲಿಯ ಪಾತ್ರೆ ಇವುಗಳ ಸುತ್ತ ಬೆಳೆದ ತಿಳಿವಳಿಕೆಯು ಪಠ್ಯಪುಸ್ತಕದಲ್ಲಿ ಬರಲಿಲ್ಲವೆಂಬ ಮಾತ್ರಕ್ಕೆ ಕೀಳಾಗುವುದಿಲ್ಲ. ಮುಂದಿನ ರಜೆಯಲ್ಲಿ ಈ ಪಾನೀಯವನ್ನು ಮಾಡಿ ಮೊದಲ ಲೋಟವನ್ನು ಮನೆಯ ಹಿರಿಯರ ಕೈಗೆ ಕೊಡಿರಿ. ಹಿಟ್ಟನ್ನು ತಣ್ಣೀರಿನಲ್ಲೇ ಏಕೆ ಕಲಸಬೇಕೆಂದು ಅವರನ್ನು ಕೇಳಿದರೆ, “ಇಲ್ದಿದ್ರೆ ಗಂಟಾಗ್ತದಪ್ಪ” ಎಂದಾರು. ಆ ಒಂದು ಮಾತಿನಲ್ಲಿ ಪಿಷ್ಟದ ಪಾಠವೆಲ್ಲ ಅಡಗಿದೆ.